ಬ್ಯೂಟಿಯ ಆಯಸ್ಸು

ನಂದಿದುರ್ಗ ಲೈನು, ಕೆ.ಜಿ.ಎಫ್.
೧೯ ಮಾರ್ಚ್ ೧೯೮೪

ಕನಕಾ,

ಆಶೀರ್ವಾದ ಕಡೆಯಲ್ಲಿ ಬರೆಯುತ್ತೇನೆ. ಮೊದಲು ಬೈಗುಳ ತಗೋ.

ಕ್ವಾರ್ಕಿಗೆ ಜೀವವಿದೆಯೇನೇ? ಅದು ಹೆಣ್ಣೇ? ಜೀವವಿಲ್ಲದ್ದನ್ನು 'ಅದು' ಅನ್ನಬೇಕೆಂದು ನಾನು ಹದಿನೆಂಟು ವರ್ಷದಿಂದ ಮೂರನೇ ಕ್ಲಾಸಿನ ಮಕ್ಕಳಿಗೆ ಬಾಯಿ ನೋಯುವಂತೆ ಹೇಳಿಕೊಡುತ್ತಿದ್ದೇನೆ. ನನ್ನ ಮಗಳು ಬೊಂಬಾಯಿಯಲ್ಲಿ ಡಾಕ್ಟರೇಟಿಗೆ ಕೂತು 'ಅವಳು, ಅವಳು' ಎಂದು ಪುಟಗಟ್ಟಲೆ ಬರೆದು ಕಳಿಸುತ್ತಾಳೆ. ಅಮ್ಮನಿಗೆ ಅರ್ಥವಾಗಲಿ ಎಂದು ಹಾಗೆ ಬರೆದೆ ಅನ್ನಬೇಡ. ಕಣ್ಣಿಗೇ ಕಾಣದ ಆ ಕ್ವಾರ್ಕ್ ಕಣಕ್ಕೆ ಬ್ಯೂಟಿ ಎಂದು ಹೆಸರಿಟ್ಟ ಪುಣ್ಯಾತ್ಮರಿಗೂ ಬೇರೆ ಕೆಲಸವಿರಲಿಲ್ಲ.

ನಿನ್ನೆ ಏನಾಯಿತು ಕೇಳು. ಬಂಗಾರಪೇಟೆಯ ಮುನಿನಾರಾಯಣಪ್ಪನವರು ತಮ್ಮ ಅಕ್ಕ ಮುತ್ಯಾಲಮ್ಮನವರ ಜೊತೆ ನಿನ್ನ ಉತ್ತರ ಕೇಳಲು ಬಂದಿದ್ದರು. ಅವರ ಷರತ್ತು ನಿನಗೆ ಗೊತ್ತೇ ಇದೆ. ಮೇ ತಿಂಗಳೊಳಗೆ ಓದು ಬಿಟ್ಟು ಬಂದರೆ ಅವರ ಮಗನೊಂದಿಗೆ ಮದುವೆ, ಇಲ್ಲವಾದರೆ ಇಲ್ಲ. ನಿನ್ನ ಅಪ್ಪ ಆಗಲೇ ಅರ್ಧ ಮಾತು ಕೊಟ್ಟಾಗಿತ್ತು. ಚಿನ್ನದ ಗಣಿಯ ತಳದಲ್ಲಿ ಇಂಥವೇ ಕಣಗಳನ್ನು ಹುಡುಕುವ ಸೈಂಟಿಸ್ಟುಗಳಿಗೆ ಕಬ್ಬಿಣದ ಚೌಕಟ್ಟು ಕೂರಿಸಿಕೊಡುವ ಫಿಟ್ಟರು, ಚಿಕ್ಕಂದಿನಲ್ಲಿ ನಿನ್ನನ್ನು ಆ ಸೈಂಟಿಸ್ಟುಗಳ ಮುಂದೆ ನಿಲ್ಲಿಸಿ ಮಗ್ಗಿ ಹೇಳಿಸಿದವರು, ಈಗ ಮಗಳಿಗೆ ಇಪ್ಪತ್ತಾರು ತುಂಬಿತೆಂದು ಹೆದರಿ ಕೂತಿದ್ದಾರೆ.

"ಏನಂತಾಳೆ ಮಗಳು? ಕಾಗದ ಓದ್ಬುಡಿ ಅತ್ಲಾಗೆ" ಎಂದರು ಮುನಿನಾರಾಯಣಪ್ಪ. ಅಪ್ಪ ಕನ್ನಡಕ ಏರಿಸಿ, ಕೈಗೆ ಸಿಕ್ಕ ಪುಟವನ್ನು ಅಕ್ಷರ ಅಕ್ಷರ ಕೂಡಿಸಿಕೊಂಡು ಗಟ್ಟಿಯಾಗಿ ಓದಿದರು:

'ಅವಳು ತುಂಬ ತೂಕದವಳು. ಸ್ವಂತ ಕುಟುಂಬದಲ್ಲೇ ಉಳಿಯೋಣವೆಂದರೆ ಅಲ್ಲಿಯ ಜೊತೆಗಾರ ಅವಳಿಗಿಂತ ಎಷ್ಟೋ ಭಾರ, ಆ ದಾರಿ ಮುಚ್ಚಿದೆ. ಬೇರೆ ಕುಟುಂಬಕ್ಕೇ ಹೋಗಬೇಕು. ಹೋಗಲು ಮನಸ್ಸಿಲ್ಲ, ಹಿಂದೆಮುಂದೆ ನೋಡುತ್ತಾಳೆ. ಅದಕ್ಕೇ ಅವಳ ಆಯಸ್ಸು ಎಲ್ಲರೂ ಎಣಿಸಿದ್ದಕ್ಕಿಂತ ಹೆಚ್ಚು. ಹೋದ ಗಳಿಗೆಯಿಂದ ಅವಳು ಅವಳಾಗಿ ಉಳಿಯುವುದಿಲ್ಲ.'

ಓದುತ್ತಾ ಓದುತ್ತಾ ಅಪ್ಪನ ಹಣೆ ಬೆವರಿತು. ಆದರೆ ಎಲ್ಲಿ ನಿಲ್ಲಿಸಬೇಕೆಂದು ತಿಳಿಯಲಿಲ್ಲ. ಮುತ್ಯಾಲಮ್ಮ ಕಾಫಿ ಲೋಟ ಕೆಳಗಿಟ್ಟರು.

"ನಮ್ಮನೇಗ್ ಬಂದ್ರೆ ಆಯಸ್ಸು ಕಮ್ಮಿ ಆಗ್ತೈತಾ? ನಾವೇನು ರಾಕ್ಷಸರಾ?" ಎಂದರು.

"ಅಯ್ಯೋ ಅಕ್ಕಯ್ಯ, ಇದು ಕ್ವಾರ್ಕು! ನಮ್ಮುಡ್ಗಿ ಅಲ್ಲ!" ಎಂದು ಅಪ್ಪ ಕೈ ಮುಗಿದರು.

"ಯಾರಾನ ಆಗ್ಲಿ, ಮನಸಿಲ್ಲ ಅಂತ ಬರ್ದವ್ಳಲ್ಲ. ನಡೀಲಾ ಮುನಿನಾರಾಯಣ" ಎಂದು ಆಕೆ ಎದ್ದೇಬಿಟ್ಟರು.

ಉಳಿದ ಪುಟಗಳೆಲ್ಲಿ ಎಂದು ಅಪ್ಪ ನನ್ನ ಕಡೆ ನೋಡಿದರು. ಹುಡುಕುತ್ತೇನೆ ಎಂದೆ. ಅಷ್ಟರಲ್ಲಿ ಬಂದವರು ಬಸ್ ಸ್ಟಾಪು ತಲುಪಿದ್ದರು.

ರಾತ್ರಿಯೆಲ್ಲ ಅಪ್ಪನಿಗೆ ನನ್ನ ಮೇಲೆ ಮುನಿಸು. ಈವತ್ತು ಬುತ್ತಿ ಮರೆತು ಶಿಫ್ಟಿಗೆ ಹೋದವರು ಸಂಜೆ ಬಂದು, ಗಣಿಯ ಕೆಳಗೆ ಸೈಂಟಿಸ್ಟರೊಬ್ಬರನ್ನು ವಿಚಾರಿಸಿದೆ, ಕನಕ ಬರೆದದ್ದೆಲ್ಲ ಸರಿಯಂತೆ ಎಂದು ಹೇಳಿ ಕೂತರು. ಸರಿಯಂತೆ! ಸಂಬಂಧ ಹೋದದ್ದಕ್ಕೆ ಅಳುತ್ತಿದ್ದಾರೋ, ಮಗಳು ತಪ್ಪು ಬರೆದಿಲ್ಲವೆಂದು ಹಿಗ್ಗುತ್ತಿದ್ದಾರೋ ದೇವರಿಗೇ ಗೊತ್ತು. ಅಪ್ಪ ಮಗಳ ಕಾಟದಲ್ಲಿ ನನಗಂತೂ ಸಾಕುಸಾಕಾಗಿದೆ.

ಇನ್ನು ಮೇಲಾದರೂ ಲಿಂಗ ವಚನ ನೋಡಿಕೊಂಡು ಬರೆ. ಹೊತ್ತಿಗೆ ಸರಿಯಾಗಿ ಉಣ್ಣು. ಈಗ ಆಶೀರ್ವಾದ.

ನಿನ್ನ ತಾಯಿ,
ವೆಂಕಟರತ್ನಮ್ಮ

ತಾ.ಕ.: ಆ ಪುಟ ಅಪ್ಪನ ಕೈಗೆ ತಾನಾಗಿ ಸಿಗಲಿಲ್ಲ, ಆರಿಸಿ ಕೊಟ್ಟವಳು ನಾನು. 'ಅಪ್ಪನ ಇಷ್ಟದಂತೆ ಎಲ್ಲ ಬಿಟ್ಟು ಬರುತ್ತೇನೆ' ಎಂದು ಕಡೆಯ ಪುಟದಲ್ಲಿ ಬರೆದಿದ್ದೆಯಲ್ಲ, ಅದನ್ನು ಅವರು ಬರುವ ಮೊದಲೇ ಒಲೆಗೆ ಹಾಕಿದ್ದೆ. ಆ ಸಾಲಿನ ಶಾಯಿ ನೀರು ಬಿದ್ದು ಹರಡಿತ್ತು. ಅತ್ತುಕೊಂಡು ಬರೆದ ಒಪ್ಪಿಗೆಯನ್ನು ನಾನು ಯಾರ ಮುಂದೆಯೂ ಓದಿಸುವವಳಲ್ಲ.