ಒರಳಿಗೆ ಬೀಳದ ಹಾಳೆಗಳು

ಬೈಲಹೊಂಗಲ
ಮಂಗಳವಾರ, ೯ ಫೆಬ್ರುವರಿ ೧೯೫೪

ಚಿರಂಜೀವಿ ರಘೋತ್ತಮನಿಗೆ ತಾಯಿ ರಾಧಾಬಾಯಿ ಮಾಡುವ ಆಶೀರ್ವಾದಗಳು.

ನಿನ್ನ ದೇಹಸ್ಥಿತಿ ಹೇಗಿದೆ? ಸೊಲ್ಲಾಪುರದ ನೀರು ಇನ್ನಾದರೂ ಒಗ್ಗಿತೇ? ಸೊಸೆ ಗಂಗೂಬಾಯಿ ಕ್ಷೇಮವೇ? ಮೊಣಕಾಲಿನ ನೋವೊಂದನ್ನು ಬಿಟ್ಟರೆ ನಾನು ಸರಿಯಾಗಿದ್ದೇನೆ. ಏಳು ತಿಂಗಳಿಂದ ನಿನ್ನದೊಂದು ಕಾರ್ಡೂ ಇಲ್ಲ. ಅಂಚೆಯವನು ನಮ್ಮ ಬಾಗಿಲ ಮುಂದೆ ಬಂದೊಡನೆ ಹೆಜ್ಜೆ ಚುರುಕುಗೊಳಿಸುತ್ತಾನೆ; ನನ್ನ ಅನುಮಾನ ಮೊದಲು ಅವನ ಮೇಲಿತ್ತು. ಆಮೇಲೆ ನಿನ್ನ ಹೆಂಡತಿಯ ಅಣ್ಣಂದಿರ ಮೇಲೆ.

ನಿವೃತ್ತಿಯಾಯಿತೆಂದು ಸುಮ್ಮನೆ ಕೂರುವವಳು ನಾನಲ್ಲ. ಹಿಂದಿನ ಓಣಿಯ ಶಟ್ಟೆವ್ವನಿಂದ ಕಾಗದದ ಬುಟ್ಟಿ ಮಾಡುವುದನ್ನು ಕಲಿಯುತ್ತಿದ್ದೇನೆ. ರದ್ದಿ ಕಾಗದವನ್ನು ಮೂರು ದಿನ ನೆನೆಯಿಟ್ಟು, ನೆನೆದ ಮೆಂತ್ಯವನ್ನೂ ಜರಡಿ ಹಿಡಿದ ಜೇಡಿಮಣ್ಣನ್ನೂ ಸೇರಿಸಿ, ಬೆಣ್ಣೆಯಂತಾಗುವವರೆಗೆ ಒರಳಿನಲ್ಲಿ ಕುಟ್ಟಬೇಕು. ಬೋರಲು ಹಾಕಿದ ಗಡಿಗೆಗೆ ಒದ್ದೆ ಅರಿವೆ ಸುತ್ತಿ, ಅದರ ಮೇಲೆ ಹೆಬ್ಬೆರಳಿನಿಂದ ಒತ್ತುತ್ತ ಒಂದೇ ದಪ್ಪಕ್ಕೆ ಮೆತ್ತಬೇಕು. ಅಂಚಿಗೆ ಹುರಿಯಂತೆ ಹೊಸೆದು ಅಂಟಿಸುವುದು, ಹಸಿಯಿರುವಾಗಲೇ ಬಳೆಯಿಂದ ವೃತ್ತಗಳನ್ನು, ಹುಣಸೆಬೀಜದಿಂದ ಹೂವಿನ ಎಸಳುಗಳನ್ನು ಒತ್ತುವುದು, ಒಣಗಿದ ಮೇಲೆ ನುಣುಪು ಕಲ್ಲಿನಿಂದ ಉಜ್ಜಿ ಕೆಮ್ಮಣ್ಣು ಬಳಿಯುವುದು ಅವಳ ಕ್ರಮ. ನನ್ನ ಮೊದಲ ಬುಟ್ಟಿ ಮೂರು ಕಡೆ ಬಿರಿಯಿತು. ಅವಳದು ಬಿರಿಯುವುದಿಲ್ಲ. ಹದದಲ್ಲಿ ಏನನ್ನೋ ಮುಚ್ಚಿಡುತ್ತೀ ಎಂದು ಅವಳಿಗೆ ನೇರವಾಗಿಯೇ ಹೇಳಿದೆ. “ನೆರಳಾಗ ಇಡ್ರಿ ಅಂದಿದ್ದೆ, ಅಕ್ಕೋರ. ಬಿಸಿಲಾಗ ನಿಲ್ಲಸಾಕ ಇದೇನು ನಿಮ್ಮ ಸಾಲಿ ಹುಡುಗನೇನ್ರಿ?” ಎಂದು ನಕ್ಕಳು. ಆ ನಗುವೂ ನನಗೆ ಸರಿಬರಲಿಲ್ಲ.

ಅದಕ್ಕಿಂತ ದೊಡ್ಡ ಸಂಶಯ ಹುಟ್ಟಿದ್ದು ಕಾಗದದ ವಿಷಯದಲ್ಲಿ. ಪೆಟ್ಟಿಗೆಯಲ್ಲಿದ್ದ ಹಳೆಯ ಉತ್ತರಪತ್ರಿಕೆಗಳ ಕಟ್ಟನ್ನು ನೆನೆಹಾಕಲು ಕೊಟ್ಟಿದ್ದೆ. ಅಷ್ಟು ದೊಡ್ಡ ಕಟ್ಟಿಗೆ ಒರಳಿನಲ್ಲಿ ಸಿಕ್ಕ ಮುದ್ದೆ ತೀರ ಸಣ್ಣದು. ಪೊಟ್ಟಣ ಕಟ್ಟಲೆಂದು ಕಿರಾಣಿ ಅಂಗಡಿಗೆ ಕೊಡುತ್ತಿದ್ದಾಳೆಂದು ನಿಶ್ಚಯಿಸಿದೆ. ಮೊನ್ನೆ ಸೆರಗಿನಡಿಯಲ್ಲಿ ಏನನ್ನೋ ಹಿಡಿದು ಹೊರಟವಳ ಬೆನ್ನಿಗೇ ಹೋದೆ. ಅವಳ ಮನೆಯ ದೇವರ ಮಾಡದಲ್ಲಿ, ಎಲ್ಲಮ್ಮನ ಪಟದ ಬದಿಗೆ, ನನ್ನ ಹಾಳೆಗಳು ಅಚ್ಚುಕಟ್ಟಾಗಿ ಕುಳಿತಿದ್ದವು! ಇದು ಕಳ್ಳತನವೆಂದು ಗದರಿದೆ. ಅವಳು ಹೆದರಲಿಲ್ಲ. “ಕಪ್ಪು ಇದ್ದದ್ದೆಲ್ಲಾ ಕುಟ್ಟೇನ್ರಿ. ಇವಕ್ಕ ನೀವ ಕೆಂಪು ಹಚ್ಚೀರಿ. ಲಗ್ನದ್ದೊ, ಬಸುರಿ ಕುಬಸದ್ದೊ ಸುದ್ದಿ ಇರಬೇಕು. ಇವನ್ನ ಒನಕಿಲೆ ಹೆಂಗ ಕುಟ್ಲಿ?” ಎಂದಳು. ಶುಭದ ಕಾಗದದ ಮೂಲೆಗೆ ನಾವು ಕುಂಕುಮ ಹಚ್ಚುತ್ತೇವಷ್ಟೆ. ಓದು ಬಾರದ ಆಕೆ ನನ್ನ ಕೆಂಪು ಶಾಯಿಯ ಗೆರೆಗಳನ್ನು ಹಾಗೆಂದೇ ತಿಳಿದಿದ್ದಳು. ಮೂವತ್ತೊಂದು ವರ್ಷ ಪಾಠ ಹೇಳಿದ್ದೇನೆ. ಆ ಶಾಯಿಯನ್ನು ಶುಭವೆಂದವರನ್ನು ಕಂಡಿರಲಿಲ್ಲ.

ಆ ಹಾಳೆಗಳ ನಡುವೆ ನೀನು ಜುಲೈಯಲ್ಲಿ ಬರೆದ ಪತ್ರವಿತ್ತು. ತಿದ್ದಿದ ಮೇಲೆ, ರೂಢಿಯಂತೆ, ನಾನೇ ಅದನ್ನು ಆ ಕಟ್ಟಿಗೆ ಸೇರಿಸಿದ್ದೆ. ಹದಿನೇಳು ಕಡೆ ಗೆರೆ ಎಳೆದು, ತಪ್ಪುಗಳ ಪಟ್ಟಿಯನ್ನಷ್ಟೇ ನಿನಗೆ ಉತ್ತರವಾಗಿ ಕಳಿಸಿದ್ದೆ. ಶಟ್ಟೆವ್ವ ಅದನ್ನು ಎರಡೂ ಕೈಯಿಂದ ಎತ್ತಿಕೊಟ್ಟು, “ಇದರಾಗ ಭಾಳ ಕೆಂಪೈತ್ರಿ, ಭಾಳ ಚಲೋ ಸುದ್ದಿನ ಇರಬೇಕು. ಒಂದೀಟ ಓದ್ರಲ್ಲ, ಅಕ್ಕೋರ” ಎಂದಳು. ಅವಳೆದುರು ಗಟ್ಟಿಯಾಗಿ ಓದುವುದು ನನ್ನಿಂದಾಗಲಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಗಂಗೂಬಾಯಿಗೆ ನನ್ನ ಆಶೀರ್ವಾದ ತಿಳಿಸು.

ನಿನ್ನ ತಾಯಿ,
ರಾಧಾಬಾಯಿ
ನಿವೃತ್ತ ಮುಖ್ಯೋಪಾಧ್ಯಾಯಿನಿ

ತಾ.ಕ.: ಅಂಚೆ ಹೊರಡುವ ಹೊತ್ತಾಯಿತು. ಗಂಗೂಬಾಯಿಗೆ ತಾಯಿಯಿಲ್ಲ, ಹೆರಿಗೆಗೆ ನಿನ್ನಲ್ಲಿಗೆ ಕರೆತರಲೇ ಎಂದು ಆ ಪತ್ರದಲ್ಲಿ ನೀನು ಕೇಳಿದ್ದೆ. ಅವಳ ಅಣ್ಣಂದಿರು ಹೇಳಿ ಬರೆಸಿದ ಮಾತೆಂದು ಅನುಮಾನಿಸಿ ಅದಕ್ಕೆ ಮಾತ್ರ ನಾನು ಉತ್ತರಿಸಲಿಲ್ಲ. ಹೆರಿಗೆ ಜನವರಿಯಲ್ಲೇ ಆಗಿರಬೇಕು. ಗಂಡೋ, ಹೆಣ್ಣೋ? ಇಬ್ಬರೂ ಚೆನ್ನಾಗಿದ್ದಾರೆಯೇ? ಒಂದು ಸಾಲು ಬರೆ. ಹೇಗೆ ಬೇಕಾದರೂ ಬರೆ.