ಲಿಲಾವು ಕೂಗುವವನ ಅರಿಕೆ

ಹುಬ್ಬಳ್ಳಿ, ೧೬-೯-೧೯೫೪

ನರಗುಂದದ ಅಡತಿ ಅಂಗಡಿಯ ಅಂದಾನೆಪ್ಪ ಸಾವಕಾರರಿಗೆ ನಜೀರಸಾಬನ ಸಲಾಮು.

ಹೋದ ಶುಕ್ರವಾರ ದವಾಖಾನೆಯಲ್ಲಿ ನನ್ನ ಕೀವು ತುಂಬಿದ ಟಾನ್ಸಿಲ್ ಗಡ್ಡೆಗಳನ್ನು ಕೊಯ್ದು ತೆಗೆದರು. ಹಿಂದಿನ ದಿನ ಒಪ್ಪಿಗೆ ಕಾಗದಕ್ಕೆ ಸಹಿ ಮಾಡುವಾಗ, "ಲಿಲಾವು ಕೂಗೂ ದನಿ ಉಳೀತೈತೇನ್ರಿ?" ಎಂದು ಕೇಳಿದೆ.

"ಮೊದಲ ಜೀವ ಉಳೀಲಿ, ಸಾಬ್ರ," ಎಂದರು ಡಾಕ್ಟರು.

ಐದನೆಯ ದಿನ ಬಾಯಿತುಂಬ ರಕ್ತ ಬಂತು. ಕೂಗಲಾಗದೆ ಮಂಚ ಬಡಿದೆ. ಡಾಕ್ಟರು ಓಡಿ ಬಂದು ನಿಲ್ಲಿಸಿದರು. ಈಗ ಗಂಜಿ ಇಳಿಯುತ್ತದೆ.

ಇಂದು ಮಾತಾಡಲು ಹೇಳಿದರು. ನನಗೆ ಬೆನ್ನು ಮಾಡಿ ಹೂಜಿಗೆ ನೀರು ತುಂಬುತ್ತಿದ್ದ ನನ್ನ ಹೆಂಡತಿ ಮದರಬಿಯನ್ನು ಅಂಜುತ್ತ ಕರೆದೆ.

"ಯಾರ್ ಬಂದಾರ?" ಎಂದು ಅವಳು ಬಾಗಿಲ ಕಡೆ ತಿರುಗಿದಳು.

ತಿಂಗಳೊಳಗೆ ದನಿ ಸರಿಹೋಗುತ್ತದಂತೆ. ಅಲ್ಲಿಯವರೆಗೆ ನನ್ನನ್ನು ತಕ್ಕಡಿಯ ಹತ್ತಿರ ನಿಲ್ಲಿಸಿರಿ. ಹರಾಜು ಕೂಗುವ ಕೆಲಸವನ್ನು ಬೇರೆಯವರಿಗೆ ಖಾಯಂ ಮಾಡಬೇಡಿರಿ. ಇದನ್ನು ಎದುರಿಗೆ ಬಂದೇ ಕೇಳಬೇಕಿತ್ತು. ನನ್ನ ದನಿ ಕೇಳಿದರೆ ನೀವು ಒಪ್ಪಲಿಕ್ಕಿಲ್ಲವೆಂದು ಹೆದರಿ ಬರೆದೆ.

ನಿಮ್ಮ ಅಂಗಡಿಯ
ನಜೀರಸಾಬ