ಸೇವಂತಿಗೆ ಚಹಾದ ಮೂಟೆ ನನ್ನ ಜೊತೆಗೆ ಬರುತ್ತಿದೆ

ಮಗಳೇ,

ಚಿಕ್ಕಂದಿನಲ್ಲಿ ಅಪ್ಪ ಹೂದೋಟಕ್ಕೆ ಔಷಧಿ ಹೊಡೆದು ಬಂದರೆ ಅವರ ಅಂಗಿಯಿಂದ ಏಳುತ್ತಿದ್ದ ಘಾಟು, ಹೋದ ವಾರ ನಿನ್ನ ಸೇವಂತಿಗೆ ಚಹಾದ ಮೂಟೆ ಬಿಚ್ಚಿದಾಗ ಬಂತು. ಹೇಳಿದರೆ ನೀನು "ಅಮ್ಮಾ, ನಿನ್ ಮೂಗಿಗೆ ವಯಸ್ಸಾಯ್ತು" ಅಂದೆ. ಈಗ ಲ್ಯಾಬಿನಿಂದ ಚಹಾ ಪರೀಕ್ಷೆಯ ವರದಿಯೂ ಬಂದಿದೆ, ಕೀಟನಾಶಕ ಮಿತಿ ಮೀರಿದೆ ಅಂತ. ಆದರೂ "ಮೊದಲ ನೀರು ಚೆಲ್ಲಿ ಕುಡಿಯಿರಿ" ಎಂದು ಪೊಟ್ಟಣಗಳ ಮೇಲೆ ಅಂಟಿಸಿ ಮಾರಲು ಕೂತಿದ್ದೀಯ. ಒಂದು ನೀರಿಗೆ ವಿಷವೆಲ್ಲ ಹೋಗುತ್ತದೆಂದು ನಿನಗೆ ಹೇಳಿದವರು ಯಾರು? ಮೂಟೆಯನ್ನು ನಿನಗೆ ಮಾರಿದವನೇ ತಾನೆ?

ಮೂಟೆಯನ್ನೂ ಪೊಟ್ಟಣಗಳನ್ನೂ ಆಹಾರ ಸುರಕ್ಷತಾ ಕಚೇರಿಗೆ ಒಪ್ಪಿಸಲು ಹೊರಟಿದ್ದೇನೆ. ಫೋನ್ ಮಾಡಬೇಡ, ಎತ್ತುವುದಿಲ್ಲ.

ಮಹಡಿ ಮೇಲಿನ ಮನೆಯ ಬಾಣಂತಿಗೆ ಕೊಟ್ಟ ಪೊಟ್ಟಣವನ್ನು ನೀನೇ ಹೋಗಿ ವಾಪಸ್ ತಾ. ನೆಪ ಹೇಳಬೇಡ, ನಿಜ ಹೇಳು. ನಿನ್ನನ್ನು ನಂಬಿ ಕುಡಿಯುತ್ತಿದ್ದಾಳೆ.

ನಿನ್ನ ಕೆಮ್ಮಿಗೆ ಹಾಲು ಕಾಸಿಟ್ಟಿದ್ದೇನೆ, ಆರುವ ಮೊದಲು ಕುಡಿ. ಸಂಜೆ ಎಷ್ಟು ಬೇಕಾದರೂ ಬೈದುಕೋ, ಕೇಳಿಸಿಕೊಳ್ಳುತ್ತೇನೆ. ಮೂಟೆ ಮಾತ್ರ ತಿರುಗಿ ಬರುವುದಿಲ್ಲ.

ಅಳಿಯಂದಿರು ನಿನ್ನ ಕಡೆಯೇ ಅಂದುಕೊಂಡಿದ್ದೆ. ಇದನ್ನು ಬರೆಯುತ್ತಿರುವಾಗಲೇ ಅವರು ಮೂಟೆಯನ್ನು ಹೊತ್ತು ಆಟೋದಲ್ಲಿಟ್ಟು ಬಂದರು. ಆಮೇಲೆ ಬಿಸಿ ಊಟದ ಡಬ್ಬಿಯೊಂದನ್ನು ನನ್ನ ಕೈಗಿತ್ತರು.